ಇಮೇಲ್ ತಂತ್ರಾಂಶಗಳಲ್ಲಿ ಕನ್ನಡ ಫಾಂಟ್ ಹೊಂದಾಣಿಕೆ

ಇಮೇಲ್ ತಂತ್ರಾಂಶಗಳಲ್ಲಿ ಕನ್ನಡ ಫಾಂಟ್ ಹೊಂದಾಣಿಕೆ ಎಂದರೆ ಗಣಕದಲ್ಲಿ ಅನುಸ್ಥಾಪಿಸಿಕೊಂಡ ಇಮೇಲ್ ತಂತ್ರಾಂಶದಲ್ಲಿ ಕನ್ನಡ ಸಂದೇಶಗಳು ಯಾವ ಫಾಂಟಿನಲ್ಲಿ, ಯಾವ ಗಾತ್ರದಲ್ಲಿ, ಯಾವ ಬಣ್ಣದಲ್ಲಿ ಕಾಣಿಸಬೇಕು ಎಂಬುದನ್ನು ಬಳಕೆದಾರರು ನಿಗದಿಪಡಿಸುವ ಕ್ರಮ. ಮೊಜಿಲ್ಲಾ ಥಂಡರ್‌ಬರ್ಡ್, ಮೈಕ್ರೋಸಾಫ್ಟ್ ಔಟ್‌ಲುಕ್, ಆಪಲ್ ಮೇಲ್, ಎವಲ್ಯೂಶನ್ ಮೊದಲಾದ ತಂತ್ರಾಂಶಗಳು ಈ ಸೌಲಭ್ಯವನ್ನು ಒದಗಿಸುತ್ತವೆ. ಇಂಗ್ಲಿಷ್ ಸಂದೇಶಗಳಲ್ಲಿ ಫಾಂಟ್ ಬದಲಾವಣೆಯು ಹೆಚ್ಚಾಗಿ ಅಂದಕ್ಕೆ ಸಂಬಂಧಿಸಿದ ವಿಷಯ. ಕನ್ನಡದಲ್ಲಿ ಅದು ಬಹುಕಾಲ ಸಂದೇಶವನ್ನು ಓದಲು ಸಾಧ್ಯವೇ ಇಲ್ಲವೇ ಎಂಬ ಪ್ರಶ್ನೆಯಾಗಿತ್ತು. ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಪಠ್ಯದ ಅರ್ಥವು ಫಾಂಟಿಗೇ ಅಂಟಿಕೊಂಡಿತ್ತು. ಫಾಂಟ್ ಬದಲಾದರೆ ಬರೆಹವೇ ಕಳೆದುಹೋಗುತ್ತಿತ್ತು. ಯುನಿಕೋಡ್ ಬಂದ ನಂತರ ಅಕ್ಷರ ಮತ್ತು ಅದರ ರೂಪ ಬೇರೆಬೇರೆಯಾದವು. ಇದರಿಂದ ಸಂದೇಶವನ್ನು ಯಾವ ಫಾಂಟಿನಲ್ಲಿ ಓದಬೇಕು ಎಂಬ ಆಯ್ಕೆ ಓದುಗರ ಕೈಗೆ ಬಂದಿತು.

## ಮೂಲ ಪರಿಕಲ್ಪನೆಗಳು

### ಸಂಕೇತ ಮತ್ತು ಫಾಂಟ್

ಇಮೇಲ್ ಸಂದೇಶದಲ್ಲಿ ಅಕ್ಷರಗಳು ಚಿತ್ರಗಳಾಗಿ ಸಾಗುವುದಿಲ್ಲ, ಸಂಖ್ಯೆಗಳಾಗಿ ಸಾಗುತ್ತವೆ. ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಒಪ್ಪಂದಕ್ಕೆ ಸಂಕೇತೀಕರಣ ಎನ್ನುತ್ತಾರೆ. ಆ ಅಕ್ಷರವನ್ನು ಪರದೆಯ ಮೇಲೆ ಹೇಗೆ ಚಿತ್ರಿಸಬೇಕು ಎಂಬ ಮಾಹಿತಿ ಫಾಂಟಿನಲ್ಲಿ ಇರುತ್ತದೆ. ಫಾಂಟ್ ಸಾಮಾನ್ಯವಾಗಿ ಸಂದೇಶದೊಂದಿಗೆ ಹೋಗುವುದಿಲ್ಲ, ಅದು ಓದುಗರ ಗಣಕದಲ್ಲೇ ಇರಬೇಕು.

ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಇದರಲ್ಲಿ 'ಕ' ಅಕ್ಷರದ ಸಂಖ್ಯೆ 3221, 'ಷ' ಅಕ್ಷರದ ಸಂಖ್ಯೆ 3255, ಅರ್ಧಾಕ್ಷರವನ್ನು ಸೂಚಿಸುವ ಹಲಂತ ಚಿಹ್ನೆಯ ಸಂಖ್ಯೆ 3277. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆಗಳಿಲ್ಲ. 'ಕ್ಷ' ಎಂದು ಬರೆದಾಗ ಸಂದೇಶದಲ್ಲಿ ಹೋಗುವುದು ಕ, ಹಲಂತ ಮತ್ತು ಷ ಎಂಬ ಮೂರು ಸಂಖ್ಯೆಗಳು. ಇಮೇಲ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟುಗಳು ಬೇಕಾಗುವುದರಿಂದ 'ಕ್ಷ' ಒಟ್ಟು ಒಂಬತ್ತು ಬೈಟುಗಳಾಗುತ್ತದೆ. ಈ ಮೂರು ಸಂಕೇತಗಳನ್ನು ಕೂಡಿಸಿ ಒಂದು ಸಂಯುಕ್ತಾಕ್ಷರವಾಗಿ ತೋರಿಸುವ ಕೆಲಸ ಫಾಂಟಿನೊಳಗಿನ ನಿಯಮಗಳದ್ದು ಮತ್ತು ಆ ನಿಯಮಗಳನ್ನು ಜಾರಿಗೊಳಿಸುವ ಅಕ್ಷರಜೋಡಣೆಯ ತಂತ್ರಾಂಶದ್ದು. ವಿಂಡೋಸ್‌ನಲ್ಲಿ ಯೂನಿಸ್ಕ್ರೈಬ್, ಮ್ಯಾಕ್‌ನಲ್ಲಿ ಕೋರ್ ಟೆಕ್ಸ್ಟ್, ಲಿನಕ್ಸ್ ಹಾಗೂ ಅನೇಕ ಮುಕ್ತ ತಂತ್ರಾಂಶಗಳಲ್ಲಿ ಹಾರ್ಫ್‌ಬಜ್ ಈ ಕೆಲಸವನ್ನು ನಿರ್ವಹಿಸುತ್ತವೆ.

### ಸಂದೇಶದ ಎರಡು ಬಗೆಗಳು

ಇಮೇಲ್ ಸಂದೇಶಗಳು ಮುಖ್ಯವಾಗಿ ಎರಡು ಬಗೆಯವು.

* ಸರಳ ಪಠ್ಯ: ಇದರಲ್ಲಿ ಫಾಂಟ್, ಗಾತ್ರ, ಬಣ್ಣಗಳ ಮಾಹಿತಿ ಇರುವುದಿಲ್ಲ. ಸಂದೇಶ ಹೇಗೆ ಕಾಣಬೇಕು ಎಂಬುದನ್ನು ಸಂಪೂರ್ಣವಾಗಿ ಓದುಗರ ತಂತ್ರಾಂಶವೇ ನಿರ್ಧರಿಸುತ್ತದೆ.
* ಎಚ್‌ಟಿಎಂಎಲ್: ಇದರಲ್ಲಿ ಕಳುಹಿಸುವವರು ಫಾಂಟಿನ ಹೆಸರು, ಗಾತ್ರ, ಬಣ್ಣಗಳನ್ನು ಸೂಚಿಸಬಹುದು. ಆದರೆ ಸಂದೇಶದಲ್ಲಿ ಹೋಗುವುದು ಫಾಂಟಿನ ಹೆಸರು ಮಾತ್ರ. ಆ ಹೆಸರಿನ ಫಾಂಟ್ ಓದುಗರ ಗಣಕದಲ್ಲಿ ಇಲ್ಲದಿದ್ದರೆ ತಂತ್ರಾಂಶವು ಕನ್ನಡ ಅಕ್ಷರಗಳಿರುವ ಬೇರೊಂದು ಫಾಂಟನ್ನು ಬಳಸುತ್ತದೆ.

ದೂರದ ಸರ್ವರಿನಿಂದ ಫಾಂಟನ್ನು ತರಿಸಿಕೊಳ್ಳುವ ವಿಧಾನ ಜಾಲತಾಣಗಳಲ್ಲಿ ಸಾಮಾನ್ಯವಾಗಿದೆ. ಇಮೇಲ್‌ನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಓದುಗರ ಖಾಸಗಿತನದ ರಕ್ಷಣೆಗಾಗಿ ಅನೇಕ ಇಮೇಲ್ ತಂತ್ರಾಂಶಗಳು ಹೊರಗಿನ ವಸ್ತುಗಳನ್ನು ತಾವಾಗಿಯೇ ತಡೆಹಿಡಿಯುತ್ತವೆ.

## ಇತಿಹಾಸ

### ಫಾಂಟೇ ಲಿಪಿಯಾಗಿದ್ದ ಕಾಲ

1982ರಲ್ಲಿ ರೂಪುಗೊಂಡ ಇಮೇಲ್ ಶಿಷ್ಟತೆಗಳು ಏಳು ಬಿಟ್‌ಗಳ ಆಸ್ಕಿ ಸಂಕೇತವನ್ನು, ಅಂದರೆ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಗಣನೆಗೆ ತೆಗೆದುಕೊಂಡಿದ್ದವು. 1992ರಲ್ಲಿ ಪ್ರಕಟವಾದ ಮೈಮ್ ಶಿಷ್ಟತೆಯು ಸಂದೇಶದ ತಲೆಬರೆಹದಲ್ಲಿ ಸಂಕೇತೀಕರಣವನ್ನು ನಮೂದಿಸುವ ಕ್ರಮವನ್ನು ತಂದಿತು. ಇದರಿಂದ ಇತರ ಭಾಷೆಗಳ ಪಠ್ಯವನ್ನು ಕಳುಹಿಸಲು ಅವಕಾಶವಾಯಿತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆಯು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದನ್ನು ಬೆಂಬಲಿಸುವ ಕಾರ್ಯನಿರ್ವಹಣಾ ವ್ಯವಸ್ಥೆಗಳು ಆಗ ಜನಸಾಮಾನ್ಯರ ಬಳಿ ಇರಲಿಲ್ಲ.

ಈ ಕೊರತೆಯನ್ನು ತುಂಬಲು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಚಿತ್ರಿಸಿದ ಫಾಂಟುಗಳು ಬಳಕೆಗೆ ಬಂದವು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳು ತಮ್ಮ ತಮ್ಮದೇ ಜೋಡಣೆಯನ್ನು ಬಳಸುತ್ತಿದ್ದವು. ಶೇಷಾದ್ರಿವಾಸು ಚಂದ್ರಶೇಖರನ್ ಅವರು ರೂಪಿಸಿದ ಬರಹ ತಂತ್ರಾಂಶ 1998ರಲ್ಲಿ ಬಿಡುಗಡೆಯಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವನ್ನು ಕರ್ನಾಟಕ ಸರ್ಕಾರ ತನ್ನ ಕಚೇರಿಗಳ ಬಳಕೆಗೆ ಅಂಗೀಕರಿಸಿತು. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರ ವಿನ್ಯಾಸವೇ ಆಧಾರ.

ಇಂತಹ ಫಾಂಟಿನಲ್ಲಿ ಬರೆದ ಪಠ್ಯವು ಗಣಕದ ದೃಷ್ಟಿಯಲ್ಲಿ ಕನ್ನಡವಾಗಿರಲಿಲ್ಲ. ಉದಾಹರಣೆಗೆ, ನುಡಿ ಫಾಂಟಿನಲ್ಲಿ ಬರೆದ 'ಕನ್ನಡ' ಎಂಬ ಪದವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೆರೆಯುಳ್ಳ 'ಎ', ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ ಭಾಷೆಯ ಜೋಡಿ 'ಎಸ್', ಸಣ್ಣ 'ಕ್ಯೂ', ಕೊನೆಗೆ ಮತ್ತೊಮ್ಮೆ ಗೆರೆಯುಳ್ಳ 'ಎ' ಕಾಣಿಸುತ್ತವೆ. ಸಂದೇಶ ತಲುಪಿದರೂ ಪತ್ರ ತಲುಪುತ್ತಿರಲಿಲ್ಲ.

ಇಮೇಲ್‌ನಲ್ಲಿ ಈ ಪದ್ಧತಿಯಿಂದ ಉಂಟಾದ ತೊಡಕುಗಳು ಹೀಗಿದ್ದವು:

* ಕಳುಹಿಸುವವರು ಮತ್ತು ಪಡೆಯುವವರು ಇಬ್ಬರ ಬಳಿಯೂ ಒಂದೇ ಫಾಂಟ್ ಅಥವಾ ಒಂದೇ ಜೋಡಣೆಯ ಫಾಂಟ್ ಇರಬೇಕಿತ್ತು.
* ಸರಳ ಪಠ್ಯದ ಸಂದೇಶದಲ್ಲಿ ಫಾಂಟಿನ ಹೆಸರು ಸಾಗದ ಕಾರಣ ಫಾಂಟ್ ಇದ್ದರೂ ಓದುಗರೇ ಅದನ್ನು ಆರಿಸಬೇಕಿತ್ತು.
* ಈ ಫಾಂಟುಗಳು ಎಂಟನೆಯ ಬಿಟ್ ಬೇಕಾಗುವ ಸ್ಥಾನಗಳನ್ನು ಹೇರಳವಾಗಿ ಬಳಸುತ್ತಿದ್ದವು. ಮಾರ್ಗಮಧ್ಯದಲ್ಲಿ ಎಂಟನೆಯ ಬಿಟ್ ಕಳಚಿಹೋದರೆ ಗೆರೆಯುಳ್ಳ 'ಎ' ಇದ್ದ ಕಡೆ 'ಅಟ್' ಚಿಹ್ನೆಯೂ ಪೌಂಡ್ ಚಿಹ್ನೆ ಇದ್ದ ಕಡೆ 'ಹ್ಯಾಶ್' ಚಿಹ್ನೆಯೂ ಬರುತ್ತದೆ. ಆ ಪಠ್ಯವನ್ನು ಸರಿಯಾದ ಫಾಂಟ್ ಹಾಕಿದರೂ ಓದಲಾಗದು.
* ವಿಷಯದ ಸಾಲು ಮತ್ತು ಸಂದೇಶಗಳ ಪಟ್ಟಿ ತಂತ್ರಾಂಶದ ಸ್ವಂತ ಫಾಂಟಿನಲ್ಲಿ ಕಾಣಿಸುತ್ತಿದ್ದುದರಿಂದ ಅಲ್ಲಿ ಕನ್ನಡ ಬರೆಯುವುದು ಬಹುಪಾಲು ಅಸಾಧ್ಯವಾಗಿತ್ತು.
* ಹುಡುಕಾಟ, ಅಕಾರಾದಿ ಜೋಡಣೆ, ಕಾಗುಣಿತ ಪರೀಕ್ಷೆ ಕೆಲಸ ಮಾಡುತ್ತಿರಲಿಲ್ಲ.

ಇವುಗಳಿಂದ ತಪ್ಪಿಸಿಕೊಳ್ಳಲು ಕನ್ನಡ ಬರೆಹವನ್ನು ಪಿಡಿಎಫ್ ಅಥವಾ ಚಿತ್ರವಾಗಿ ಲಗತ್ತಿಸುವ ರೂಢಿಯೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ರೂಢಿಯೂ ಬೆಳೆದವು.

### ಔಟ್‌ಲುಕ್ ಎಕ್ಸ್‌ಪ್ರೆಸ್ ಮತ್ತು ಫಾಂಟ್ ಬದಲಾವಣೆ

1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರೊಂದಿಗೆ ಬಂದ ಔಟ್‌ಲುಕ್ ಎಕ್ಸ್‌ಪ್ರೆಸ್, ವಿಂಡೋಸ್ ಎಕ್ಸ್‌ಪಿಯವರೆಗೆ ವಿಂಡೋಸ್ ಬಳಕೆದಾರರಿಗೆ ಉಚಿತವಾಗಿ ದೊರೆಯುತ್ತಿತ್ತು. ಅದರಲ್ಲಿ 'ಟೂಲ್ಸ್ → ಆಪ್ಷನ್ಸ್ → ರೀಡ್ → ಫಾಂಟ್ಸ್' ಎಂಬಲ್ಲಿ ಪ್ರತಿ ಲಿಪಿಗುಂಪಿಗೆ ಓದುವ ಫಾಂಟನ್ನು ಆರಿಸಬಹುದಾಗಿತ್ತು. ಪಾಶ್ಚಾತ್ಯ ಲಿಪಿಯ ಫಾಂಟಾಗಿ ಬರಹ ಅಥವಾ ನುಡಿಯ ಫಾಂಟನ್ನು ಆರಿಸಿದರೆ ಸರಳ ಪಠ್ಯದ ಕನ್ನಡ ಪತ್ರಗಳನ್ನು ಓದಬಹುದಾಗಿತ್ತು. ಆದರೆ ಆಗ ಇಂಗ್ಲಿಷ್ ಪತ್ರಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣಿಸುತ್ತಿದ್ದವು. ಎರಡೂ ಭಾಷೆಗಳಲ್ಲಿ ಪತ್ರ ಪಡೆಯುವವರು ಈ ಆಯ್ಕೆಯನ್ನು ಮತ್ತೆ ಮತ್ತೆ ಬದಲಿಸಬೇಕಾಗಿತ್ತು.

### ಯುನಿಕೋಡ್‌ನತ್ತ

2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ಕನ್ನಡ ಯುನಿಕೋಡ್ ಬೆಂಬಲವನ್ನೂ ತುಂಗಾ ಎಂಬ ಫಾಂಟನ್ನೂ ಒಳಗೊಂಡಿತ್ತು. ಆದರೆ ಸಂಯುಕ್ತಾಕ್ಷರಗಳು ಸರಿಯಾಗಿ ಮೂಡಲು ಸಂಕೀರ್ಣ ಲಿಪಿಗಳ ಕಡತಗಳನ್ನು ನಿಯಂತ್ರಣ ಫಲಕದ ಮೂಲಕ ಬಳಕೆದಾರರೇ ಅನುಸ್ಥಾಪಿಸಬೇಕಿತ್ತು. ಅದನ್ನು ಮಾಡದ ಗಣಕಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ನಂತರದ ವಿಂಡೋಸ್ ಆವೃತ್ತಿಗಳಲ್ಲಿ ಈ ಬೆಂಬಲ ತಾನಾಗಿಯೇ ಇರುತ್ತದೆ. ಮೊಜಿಲ್ಲಾ ಥಂಡರ್‌ಬರ್ಡ್‌ನ ಮೊದಲ ಪೂರ್ಣ ಆವೃತ್ತಿ 2004ರ ಡಿಸೆಂಬರ್ 7ರಂದು ಹೊರಬಂದಿತು. ಕರ್ನಾಟಕ ಸರ್ಕಾರವೂ ಮುಂದೆ ಯುನಿಕೋಡ್ ಶಿಷ್ಟತೆಯನ್ನು ಅಂಗೀಕರಿಸಿತು. ನುಡಿ ಮತ್ತು ಬರಹ ಎರಡೂ ಯುನಿಕೋಡ್‌ನಲ್ಲಿ ಬರೆಯುವ ಸೌಲಭ್ಯವನ್ನು ಒದಗಿಸಿದವು.

## ಪ್ರಮುಖ ತಂತ್ರಾಂಶಗಳಲ್ಲಿ ಹೊಂದಿಸುವ ಕ್ರಮ

ಆವೃತ್ತಿಯಿಂದ ಆವೃತ್ತಿಗೆ ಮೆನುಗಳ ಹೆಸರು ಮತ್ತು ಸ್ಥಾನ ಸ್ವಲ್ಪ ಬದಲಾಗಬಹುದು.

### ಮೊಜಿಲ್ಲಾ ಥಂಡರ್‌ಬರ್ಡ್

ಥಂಡರ್‌ಬರ್ಡ್ ಪ್ರತಿ ಲಿಪಿಗೂ ಪ್ರತ್ಯೇಕ ಫಾಂಟ್ ಆರಿಸಲು ಅವಕಾಶ ನೀಡುತ್ತದೆ.

1. 'ಸೆಟ್ಟಿಂಗ್ಸ್ → ಜನರಲ್' ಪುಟದಲ್ಲಿ 'ಲ್ಯಾಂಗ್ವೇಜ್ ಅಂಡ್ ಅಪಿಯರೆನ್ಸ್' ಭಾಗಕ್ಕೆ ಹೋಗಿ, ಫಾಂಟುಗಳ ಎದುರಿನ 'ಅಡ್ವಾನ್ಸ್ಡ್' ಗುಂಡಿಯನ್ನು ಒತ್ತಬೇಕು.
2. 'ಫಾಂಟ್ಸ್ ಫಾರ್' ಎಂಬ ಪಟ್ಟಿಯಿಂದ 'ಕನ್ನಡ'ವನ್ನು ಆರಿಸಬೇಕು.
3. ಸೆರಿಫ್, ಸಾನ್ಸ್-ಸೆರಿಫ್ ಮತ್ತು ಮಾನೋಸ್ಪೇಸ್ ಎಂಬ ಮೂರು ವರ್ಗಗಳಿಗೂ ಕನ್ನಡ ಅಕ್ಷರಗಳಿರುವ ಫಾಂಟನ್ನು ನೀಡಿ, ಗಾತ್ರವನ್ನು ಮತ್ತು ಕನಿಷ್ಠ ಗಾತ್ರವನ್ನು ನಿಗದಿಪಡಿಸಬೇಕು.
4. ಅದೇ ಪಟ್ಟಿಯಲ್ಲಿ 'ಲ್ಯಾಟಿನ್' ಮತ್ತು 'ಅದರ್ ರೈಟಿಂಗ್ ಸಿಸ್ಟಮ್ಸ್' ಗುಂಪುಗಳ ಗಾತ್ರವನ್ನೂ ಪರಿಶೀಲಿಸಬೇಕು.

ನಾಲ್ಕನೆಯ ಹಂತವನ್ನು ಅನೇಕರು ಬಿಟ್ಟುಬಿಡುತ್ತಾರೆ. ಯುಟಿಎಫ್-8 ಸಂದೇಶವು ತಾನು ಯಾವ ಭಾಷೆಯದೆಂದು ತಿಳಿಸುವುದಿಲ್ಲ. ಆದ್ದರಿಂದ ಸಂದೇಶದ ಮೂಲ ಗಾತ್ರವು ಕನ್ನಡದ ಗುಂಪಿನಿಂದಲ್ಲದೆ ಸಾಮಾನ್ಯ ಗುಂಪಿನಿಂದ ಬರಬಹುದು. ಕನ್ನಡದ ಗುಂಪಿನಲ್ಲಿ ಮಾತ್ರ ಗಾತ್ರ ಹೆಚ್ಚಿಸಿದಾಗ ಪರದೆಯ ಮೇಲೆ ಬದಲಾವಣೆ ಕಾಣದಿರುವುದಕ್ಕೆ ಇದೇ ಕಾರಣ.

ಇದೇ ಕಿಟಕಿಯಲ್ಲಿ ಇನ್ನೂ ಎರಡು ಆಯ್ಕೆಗಳಿವೆ. 'ಅಲೋ ಮೆಸೇಜಸ್ ಟು ಯೂಸ್ ಅದರ್ ಫಾಂಟ್ಸ್' ಎಂಬುದರ ಗುರುತನ್ನು ತೆಗೆದರೆ ಕಳುಹಿಸಿದವರು ಸೂಚಿಸಿದ ಫಾಂಟನ್ನು ಬದಿಗಿಟ್ಟು ಓದುಗರು ಆರಿಸಿದ ಫಾಂಟಿನಲ್ಲೇ ಎಲ್ಲ ಸಂದೇಶಗಳೂ ಕಾಣಿಸುತ್ತವೆ. ಸರಳ ಪಠ್ಯದ ಸಂದೇಶಗಳಿಗೆ ಸಮಾನ ಅಗಲದ ಫಾಂಟ್ ಬಳಸುವ ಆಯ್ಕೆಯನ್ನು ತೆಗೆದರೆ ಕನ್ನಡ ಹೆಚ್ಚು ಸಹಜವಾಗಿ ಕಾಣುತ್ತದೆ. ಸಮಾನ ಅಗಲದ ಫಾಂಟುಗಳು ಇಂಗ್ಲಿಷಿನ ಬೆರಳಚ್ಚು ಯಂತ್ರದ ಪದ್ಧತಿಯಿಂದ ಬಂದವು. ಅಗಲದಲ್ಲಿ ಬಹಳ ವ್ಯತ್ಯಾಸವಿರುವ ಕನ್ನಡ ಅಕ್ಷರಗಳಿಗೆ ಅವು ಒಗ್ಗುವುದಿಲ್ಲ.

ಬರೆಯುವ ಪತ್ರಗಳ ಫಾಂಟ್, ಗಾತ್ರ ಮತ್ತು ಬಣ್ಣವನ್ನು 'ಸೆಟ್ಟಿಂಗ್ಸ್ → ಕಂಪೋಸಿಶನ್' ಪುಟದಲ್ಲಿ ನಿಗದಿಪಡಿಸಬಹುದು. ಸಂದೇಶಗಳ ಪಟ್ಟಿ ಮತ್ತು ಕಡತಕೋಶಗಳ ಅಕ್ಷರಗಾತ್ರವನ್ನು ಹೊಸ ಆವೃತ್ತಿಗಳ ಮುಖ್ಯ ಮೆನುವಿನ 'ಫಾಂಟ್ ಸೈಜ್' ಆಯ್ಕೆ ಬದಲಿಸುತ್ತದೆ.

### ಮೈಕ್ರೋಸಾಫ್ಟ್ ಔಟ್‌ಲುಕ್

ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ 'ಫೈಲ್ → ಆಪ್ಷನ್ಸ್ → ಮೇಲ್ → ಸ್ಟೇಷನರಿ ಅಂಡ್ ಫಾಂಟ್ಸ್' ಎಂಬಲ್ಲಿ ಹೊಸ ಪತ್ರ, ಉತ್ತರ ಅಥವಾ ಮುಂಕಳುಹಿಸುವ ಪತ್ರ, ಸರಳ ಪಠ್ಯದ ಪತ್ರ ಎಂಬ ಮೂರಕ್ಕೂ ಬೇರೆಬೇರೆ ಫಾಂಟುಗಳನ್ನು ಆರಿಸಬಹುದು. 2007ರ ಆವೃತ್ತಿಯಿಂದ ಈ ತಂತ್ರಾಂಶವು ಎಚ್‌ಟಿಎಂಎಲ್ ಸಂದೇಶಗಳನ್ನು ತೋರಿಸಲು ಮೈಕ್ರೋಸಾಫ್ಟ್ ವರ್ಡ್‌ನ ವ್ಯವಸ್ಥೆಯನ್ನೇ ಬಳಸುತ್ತದೆ. ವರ್ಡ್ ಭಾರತೀಯ ಲಿಪಿಗಳನ್ನು 'ಸಂಕೀರ್ಣ ಲಿಪಿ'ಗಳ ವರ್ಗದಲ್ಲಿ ಇರಿಸಿ, ಅವುಗಳಿಗೆ ಇಂಗ್ಲಿಷಿನಿಂದ ಬೇರೆಯಾದ ಫಾಂಟ್ ಮತ್ತು ಗಾತ್ರವನ್ನು ನೆನಪಿಟ್ಟುಕೊಳ್ಳುತ್ತದೆ. ಇಂಗ್ಲಿಷ್ ಫಾಂಟನ್ನು ಬದಲಿಸಿದರೂ ಕನ್ನಡ ಅಕ್ಷರಗಳು ಬದಲಾಗದಿದ್ದರೆ, ಫಾಂಟ್ ಕಿಟಕಿಯಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಭಾಗದಲ್ಲಿ ಪ್ರತ್ಯೇಕವಾಗಿ ಆರಿಸಬೇಕು. ಕನ್ನಡವನ್ನು ಬರೆಹದ ಭಾಷೆಯಾಗಿ ಸೇರಿಸಿಕೊಂಡಿರುವಲ್ಲಿ ಈ ಭಾಗ ಕಾಣಿಸುತ್ತದೆ.

ಹೊಸ ಔಟ್‌ಲುಕ್‌ನಲ್ಲಿ ಬರೆಯುವ ಫಾಂಟಿನ ಆಯ್ಕೆ 'ಸೆಟ್ಟಿಂಗ್ಸ್ → ಮೇಲ್ → ಕಂಪೋಸ್ ಅಂಡ್ ರಿಪ್ಲೈ' ಎಂಬಲ್ಲಿ ಇರುತ್ತದೆ. ಹಳೆಯ ಮಾದರಿಯಲ್ಲಿ ಕಳುಹಿಸಿದವರ ಫಾಂಟನ್ನು ಬದಿಗಿಡಲು ಬಯಸುವವರು 'ಟ್ರಸ್ಟ್ ಸೆಂಟರ್'ನಲ್ಲಿ ಎಲ್ಲ ಪತ್ರಗಳನ್ನೂ ಸರಳ ಪಠ್ಯವಾಗಿ ಓದುವ ಆಯ್ಕೆಯನ್ನು ಬಳಸಬಹುದು.

### ಆಪಲ್ ಮೇಲ್

'ಮೇಲ್ → ಸೆಟ್ಟಿಂಗ್ಸ್ → ಫಾಂಟ್ಸ್ ಅಂಡ್ ಕಲರ್ಸ್' ಎಂಬಲ್ಲಿ ಸಂದೇಶಗಳ ಪಟ್ಟಿ, ಸಂದೇಶದ ಒಡಲು ಮತ್ತು ಸಮಾನ ಅಗಲದ ಪಠ್ಯಕ್ಕೆ ಫಾಂಟುಗಳನ್ನು ಆರಿಸಬಹುದು. ಇಲ್ಲಿ ಲಿಪಿವಾರು ಆಯ್ಕೆ ಇಲ್ಲ. ಆರಿಸಿದ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲದಿದ್ದರೆ ವ್ಯವಸ್ಥೆಯೇ ತನ್ನ ಕನ್ನಡ ಫಾಂಟನ್ನು ಬಳಸುತ್ತದೆ.

### ಎವಲ್ಯೂಶನ್

ಲಿನಕ್ಸ್‌ನ ಗ್ನೋಮ್ ಪರಿಸರದ ಎವಲ್ಯೂಶನ್ ತಂತ್ರಾಂಶವು ಸಾಮಾನ್ಯವಾಗಿ ಇಡೀ ಗಣಕದ ಫಾಂಟ್ ಆಯ್ಕೆಯನ್ನೇ ಅನುಸರಿಸುತ್ತದೆ. ಇತರ ಅನ್ವಯಗಳ ಫಾಂಟನ್ನೇ ಬಳಸುವ ಆಯ್ಕೆಯ ಗುರುತನ್ನು ತೆಗೆದರೆ ಸಂದೇಶಗಳಿಗೆ ಬೇರೆ ಫಾಂಟ್ ನೀಡಬಹುದು.

## ಇಮೇಲ್‌ಗೆ ಬಳಕೆಯಾಗುವ ಕನ್ನಡ ಫಾಂಟುಗಳು

| ಫಾಂಟ್ | ದೊರೆಯುವ ಬಗೆ | ಟಿಪ್ಪಣಿ |
|---|---|---|
| ತುಂಗಾ | ವಿಂಡೋಸ್ ಎಕ್ಸ್‌ಪಿಯಿಂದ | ವಿಂಡೋಸ್ 10ರಿಂದ ಐಚ್ಛಿಕ ಹೆಚ್ಚುವರಿ ಫಾಂಟುಗಳಲ್ಲಿ ಸೇರಿದೆ |
| ನಿರ್ಮಲಾ ಯುಐ | ವಿಂಡೋಸ್ 8ರಿಂದ | ಹಲವು ಭಾರತೀಯ ಲಿಪಿಗಳನ್ನು ಒಂದೇ ಫಾಂಟಿನಲ್ಲಿ ಒಳಗೊಂಡಿದೆ |
| ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ | ಮ್ಯಾಕ್ | ವ್ಯವಸ್ಥೆಯೊಂದಿಗೇ ಬರುತ್ತವೆ |
| ಲೋಹಿತ್ ಕನ್ನಡ | ಲಿನಕ್ಸ್ ವಿತರಣೆಗಳು | ರೆಡ್ ಹ್ಯಾಟ್ ಬೆಂಬಲದ ಮುಕ್ತ ಫಾಂಟ್ |
| ಕೇದಗೆ, ಮಲ್ಲಿಗೆ | ಲಿನಕ್ಸ್ ವಿತರಣೆಗಳು | ಮುಕ್ತ ಫಾಂಟುಗಳು |
| ಗುಬ್ಬಿ, ನವಿಲು | ಲಿನಕ್ಸ್ ವಿತರಣೆಗಳು | ಅರವಿಂದ ವಿ. ಕೆ. ರೂಪಿಸಿದ ಮುಕ್ತ ಫಾಂಟುಗಳು. ನವಿಲು ಕೈಬರೆಹದ ಶೈಲಿಯದು |
| ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ | ಎಲ್ಲ ವ್ಯವಸ್ಥೆಗಳಿಗೂ | ಗೂಗಲ್ ಪ್ರಕಟಿಸಿದ ಮುಕ್ತ ಫಾಂಟುಗಳು |

ತುಂಗಾ ಫಾಂಟನ್ನು ಹೆಸರಿಸಿ ಕಳುಹಿಸಿದ ಪತ್ರವನ್ನು ಆ ಫಾಂಟ್ ಇಲ್ಲದ ವಿಂಡೋಸ್ 10 ಗಣಕದಲ್ಲಿ ತೆರೆದರೆ ಅದು ನಿರ್ಮಲಾ ಯುಐ ಫಾಂಟಿನಲ್ಲಿ ಕಾಣಿಸುತ್ತದೆ. ರೂಪ ಬದಲಾದರೂ ಪಠ್ಯ ಹಾಗೇ ಉಳಿಯುತ್ತದೆ. ಹಳೆಯ ಆಸ್ಕಿ ಆಧಾರಿತ ಫಾಂಟುಗಳಿಗೂ ಯುನಿಕೋಡ್ ಫಾಂಟುಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದು.

## ಓದಿನ ಅನುಕೂಲ

ಕನ್ನಡ ಲಿಪಿಯ ರಚನೆಯಿಂದಾಗಿ ಫಾಂಟ್ ಆಯ್ಕೆಯಲ್ಲಿ ಗಮನಿಸಬೇಕಾದ ಕೆಲವು ಅಂಶಗಳಿವೆ.

* ಗಾತ್ರ: ದ–ಧ, ಡ–ಢ, ಪ–ಫ ಮೊದಲಾದ ಜೋಡಿಗಳಲ್ಲಿ ಅಲ್ಪಪ್ರಾಣ ಮತ್ತು ಮಹಾಪ್ರಾಣಗಳನ್ನು ಬೇರ್ಪಡಿಸುವುದು ಅಕ್ಷರದ ಕೆಳಗಿನ ಒಂದು ಸಣ್ಣ ಗೀಟು. ಸಣ್ಣ ಗಾತ್ರದಲ್ಲಿ ಈ ಗೀಟು ಮಸುಕಾಗಿ 'ದನ' ಮತ್ತು 'ಧನ' ಒಂದೇ ರೀತಿ ಕಾಣಬಹುದು. ಒಂದೇ ಅಂಕಿಯ ಗಾತ್ರದಲ್ಲೂ ಎಲ್ಲ ಫಾಂಟುಗಳ ಅಕ್ಷರಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ಹಾಗಾಗಿ ಫಾಂಟ್ ಬದಲಿಸಿದ ಮೇಲೆ ಗಾತ್ರವನ್ನೂ ಮತ್ತೆ ಪರಿಶೀಲಿಸುವುದು ಸೂಕ್ತ.
* ಸಾಲುಗಳ ಅಂತರ: ಒತ್ತಕ್ಷರಗಳು ಅಕ್ಷರದ ಕೆಳಗೆ ಕುಳಿತುಕೊಳ್ಳುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕಾಗುತ್ತದೆ. ಇಂಗ್ಲಿಷಿಗಾಗಿ ನಿಗದಿಪಡಿಸಿದ ಬಿಗಿಯಾದ ಅಂತರದಲ್ಲಿ 'ರಾಷ್ಟ್ರ', 'ಸ್ತ್ರೀ' ಮೊದಲಾದ ಪದಗಳ ಒತ್ತುಗಳು ಕೆಳಗಿನ ಸಾಲಿಗೆ ತಾಗಬಹುದು ಅಥವಾ ತುಂಡಾಗಿ ಕಾಣಬಹುದು.
* ದಪ್ಪ ಮತ್ತು ಓರೆ ಅಕ್ಷರಗಳು: ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದಾಗ ತಂತ್ರಾಂಶವು ಗೆರೆಗಳನ್ನು ಕೃತಕವಾಗಿ ದಪ್ಪಗೊಳಿಸುತ್ತದೆ. ಆಗ ಕನ್ನಡದ ದುಂಡು ಅಕ್ಷರಗಳ ಒಳಗಿನ ಜಾಗ ಮುಚ್ಚಿಹೋಗಬಹುದು. ಓರೆ ಅಕ್ಷರವು ಕನ್ನಡ ಬರೆಹದ ಪರಂಪರೆಯಲ್ಲಿ ಇಲ್ಲದ್ದು. ಅದನ್ನು ಕೃತಕವಾಗಿ ಬಾಗಿಸಿ ತೋರಿಸಲಾಗುತ್ತದೆ.
* ಕಾಣದ ಜೋಡಣೆ ಚಿಹ್ನೆಗಳು: 'ರ‍್ಯಾಂಕ್' ಎಂಬಂತಹ ಪದಗಳಲ್ಲಿ ಅರ್ಕಾವತ್ತು ಬಾರದಂತೆ ತಡೆಯಲು ರಕಾರದ ನಂತರ 8205ನೆಯ ಸಂಖ್ಯೆಯ ಕಾಣದ ಚಿಹ್ನೆಯನ್ನು ಬಳಸುತ್ತಾರೆ. 'ಸಾಫ್ಟ್‌ವೇರ್' ಎಂಬಂತಹ ಪದಗಳಲ್ಲಿ ಒತ್ತು ಮೂಡದಂತೆ ತಡೆಯಲು 8204ನೆಯ ಚಿಹ್ನೆ ಬೇಕು. ಇವುಗಳನ್ನು ಗುರುತಿಸದ ಹಳೆಯ ಫಾಂಟುಗಳಲ್ಲಿ ಪದದ ರೂಪ ಬದಲಾಗುತ್ತದೆ ಅಥವಾ ನಡುವೆ ಖಾಲಿ ಚೌಕ ಕಾಣಿಸುತ್ತದೆ.

ದೃಷ್ಟಿದೋಷವುಳ್ಳ ಓದುಗರಿಗೆ ಕನಿಷ್ಠ ಗಾತ್ರದ ಆಯ್ಕೆ ಮುಖ್ಯವಾದುದು. ಕಳುಹಿಸಿದವರು ಎಷ್ಟೇ ಸಣ್ಣ ಗಾತ್ರ ಸೂಚಿಸಿದ್ದರೂ ಅಕ್ಷರಗಳು ಆ ಮಿತಿಗಿಂತ ಕೆಳಗಿಳಿಯುವುದಿಲ್ಲ. ದೃಷ್ಟಿಹೀನರು ಬಳಸುವ ಪರದೆ ವಾಚಕಗಳು ಫಾಂಟನ್ನಲ್ಲ, ಸಂಕೇತವನ್ನು ಓದುತ್ತವೆ. ಇ-ಸ್ಪೀಕ್ ಎನ್‌ಜಿ ಎಂಬ ಮುಕ್ತ ಧ್ವನಿ ತಂತ್ರಾಂಶವು ಯುನಿಕೋಡ್ ಕನ್ನಡವನ್ನು ಉಚ್ಚರಿಸಬಲ್ಲದು. ಎನ್‌ವಿಡಿಎ ಪರದೆ ವಾಚಕದಲ್ಲಿ ಅದು ಅಡಕವಾಗಿದೆ. ಆಸ್ಕಿ ಆಧಾರಿತ ಫಾಂಟಿನಲ್ಲಿ ಬರೆದ ಪತ್ರವು ಪರದೆಯ ಮೇಲೆ ಶುದ್ಧ ಕನ್ನಡವಾಗಿ ಕಂಡರೂ ಪರದೆ ವಾಚಕಕ್ಕೆ ಅದು ಅರ್ಥಹೀನ ಇಂಗ್ಲಿಷ್ ಅಕ್ಷರಗಳ ಸಾಲು ಮಾತ್ರ.

## ಬಹುಲಿಪಿ ಪ್ರದೇಶಗಳಲ್ಲಿ

ಒಂದೇ ಅಂಚೆಪೆಟ್ಟಿಗೆಗೆ ಹಲವು ಲಿಪಿಗಳ ಪತ್ರಗಳು ಬರುವ ಪ್ರದೇಶಗಳಲ್ಲಿ ಲಿಪಿವಾರು ಫಾಂಟ್ ಆಯ್ಕೆಯ ಉಪಯೋಗ ಸ್ಪಷ್ಟವಾಗುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಇದಕ್ಕೆ ನಿದರ್ಶನ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಪ್ರದೇಶದಲ್ಲಿ ಕನ್ನಡದ ಜೊತೆಗೆ ಉರ್ದು ಮತ್ತು ಮರಾಠಿ ಬಳಕೆಯಲ್ಲಿವೆ. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದ ಅಪಾರ ಸಂಖ್ಯೆಯಲ್ಲಿ ಭಕ್ತರು ಬರುತ್ತಾರೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ.

ಕನ್ನಡ, ಮರಾಠಿ ಮತ್ತು ಉರ್ದು ಮೂರು ಬೇರೆಬೇರೆ ಲಿಪಿಗಳನ್ನು ಬಳಸುವುದರಿಂದ ಪ್ರತಿಯೊಂದರ ಅಗತ್ಯವೂ ಬೇರೆ:

* ಕನ್ನಡ: ಒತ್ತಕ್ಷರಗಳಿಗಾಗಿ ಸಾಲಿನ ಕೆಳಗೆ ಜಾಗ ಬೇಕು.
* ಮರಾಠಿ: ಥಂಡರ್‌ಬರ್ಡ್‌ನಲ್ಲಿ 'ದೇವನಾಗರಿ' ಗುಂಪಿನಲ್ಲಿ ಆರಿಸಬೇಕು. ಲ ಮತ್ತು ಶ ಅಕ್ಷರಗಳ ಮರಾಠಿ ರೂಪಗಳು ಹಿಂದಿಯಲ್ಲಿ ರೂಢಿಯಲ್ಲಿರುವ ರೂಪಗಳಿಗಿಂತ ಭಿನ್ನವಾಗಿವೆ.
* ಉರ್ದು: ಬಲದಿಂದ ಎಡಕ್ಕೆ ಸಾಗುವ ಈ ಬರೆಹವನ್ನು 'ಅರೇಬಿಕ್' ಗುಂಪಿನಲ್ಲಿ ಆರಿಸಬೇಕು. ಉರ್ದು ಓದುಗರಿಗೆ ರೂಢಿಯಾದುದು ಓರೆಯಾಗಿ ಇಳಿಯುವ ನಸ್ತಾಲೀಕ್ ಶೈಲಿ. ಫಾಂಟನ್ನು ಆರಿಸದಿದ್ದರೆ ಅನೇಕ ತಂತ್ರಾಂಶಗಳು ಅರಬ್ಬಿಯ ನಸ್ಖ್ ಶೈಲಿಯನ್ನು ತೋರಿಸುತ್ತವೆ. ವಿಂಡೋಸ್‌ನ ಉರ್ದು ಟೈಪ್‌ಸೆಟ್ಟಿಂಗ್, ಮುಕ್ತವಾಗಿ ದೊರೆಯುವ ನೋಟೋ ನಸ್ತಾಲೀಕ್ ಉರ್ದು ಈ ಶೈಲಿಯ ಫಾಂಟುಗಳು.

ಆಸ್ಕಿ ಆಧಾರಿತ ಫಾಂಟುಗಳಲ್ಲಿ ಕನ್ನಡ ಮತ್ತು ದೇವನಾಗರಿ ಎರಡೂ ಇಂಗ್ಲಿಷಿನ ಅದೇ ಸ್ಥಾನಗಳನ್ನು ಆಕ್ರಮಿಸುತ್ತಿದ್ದುದರಿಂದ ಒಂದೇ ಸರಳ ಪಠ್ಯದ ಪತ್ರದಲ್ಲಿ ಎರಡನ್ನೂ ಬರೆಯಲು ಸಾಧ್ಯವಿರಲಿಲ್ಲ. ಯುನಿಕೋಡ್‌ನಲ್ಲಿ ಮೂರೂ ಲಿಪಿಗಳಿಗೆ ಬೇರೆಬೇರೆ ಸ್ಥಾನಗಳಿರುವುದರಿಂದ ಒಂದೇ ಸಾಲಿನಲ್ಲೂ ಅವು ಒಟ್ಟಿಗೆ ಇರಬಲ್ಲವು.

## ಸಾಮಾನ್ಯ ಸಮಸ್ಯೆಗಳು ಮತ್ತು ಪರಿಹಾರ

| ಲಕ್ಷಣ | ಕಾರಣ | ಪರಿಹಾರ |
|---|---|---|
| ಅಕ್ಷರಗಳ ಬದಲು ಖಾಲಿ ಚೌಕಗಳು | ಗಣಕದಲ್ಲಿ ಕನ್ನಡ ಯುನಿಕೋಡ್ ಫಾಂಟ್ ಇಲ್ಲ | ಕನ್ನಡ ಫಾಂಟ್ ಅನುಸ್ಥಾಪಿಸಿ ತಂತ್ರಾಂಶವನ್ನು ಮುಚ್ಚಿ ತೆರೆಯುವುದು |
| ಪ್ರತಿ ಅಕ್ಷರಕ್ಕೂ ಮೂರರಂತೆ ಐರೋಪ್ಯ ಅಕ್ಷರಗಳು | ಯುಟಿಎಫ್-8 ಪತ್ರವನ್ನು ಪಾಶ್ಚಾತ್ಯ ಸಂಕೇತವೆಂದು ಓದಲಾಗಿದೆ | ಸಂಕೇತೀಕರಣವನ್ನು ಯುನಿಕೋಡ್‌ಗೆ ಬದಲಿಸುವುದು ಅಥವಾ ದುರಸ್ತಿಗೊಳಿಸುವುದು |
| ಪೌಂಡ್ ಚಿಹ್ನೆ ಮತ್ತು ಗೆರೆಯುಳ್ಳ 'ಎ' ಪದೇಪದೇ ಬರುವುದು | ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಬರೆದ ಪತ್ರ | ಆ ಫಾಂಟನ್ನು ಆರಿಸುವುದು ಅಥವಾ ಯುನಿಕೋಡ್‌ಗೆ ಪರಿವರ್ತಿಸುವುದು |
| ಕನ್ನಡ ಅಕ್ಷರಗಳಿದ್ದ ಕಡೆಯೆಲ್ಲ ಪ್ರಶ್ನೆ ಚಿಹ್ನೆಗಳು | ಕಳುಹಿಸುವಾಗಲೇ ಪಠ್ಯವನ್ನು ಕನ್ನಡವಿಲ್ಲದ ಸಂಕೇತಕ್ಕೆ ಇಳಿಸಲಾಗಿದೆ | ಮೂಲ ಪಠ್ಯ ನಷ್ಟವಾಗಿದೆ. ಮತ್ತೆ ಕಳುಹಿಸಲು ಕೋರಬೇಕು |
| ಒತ್ತಕ್ಷರಗಳು ಬಿಡಿಯಾಗಿ ಕಾಣುವುದು | ಹಳೆಯ ವ್ಯವಸ್ಥೆ ಅಥವಾ ಜೋಡಣೆಯ ನಿಯಮಗಳಿಲ್ಲದ ಫಾಂಟ್ | ವ್ಯವಸ್ಥೆಯ ಬೆಂಬಲ ಸೇರಿಸುವುದು, ಫಾಂಟ್ ಬದಲಿಸುವುದು |

ಇವುಗಳಲ್ಲಿ ಪ್ರಶ್ನೆ ಚಿಹ್ನೆಗಳ ಸಮಸ್ಯೆಯೊಂದನ್ನು ಓದುಗರ ಕಡೆಯಿಂದ ಸರಿಪಡಿಸಲಾಗದು. ಉಳಿದವುಗಳಲ್ಲಿ ಸಂದೇಶದ ಬೈಟುಗಳು ಹಾಗೆಯೇ ಇರುತ್ತವೆ. ಆದ್ದರಿಂದ ಓದಲಾಗದ ಪತ್ರವನ್ನು ಅಳಿಸುವ ಮೊದಲು ಅದರ ಲಕ್ಷಣವನ್ನು ಗುರುತಿಸುವುದು ಅಗತ್ಯ. ಓದಲಾಗದ ಸ್ಥಿತಿಯಲ್ಲೇ ಅದಕ್ಕೆ ಉತ್ತರ ಬರೆದರೆ ಅಥವಾ ಮುಂದಕ್ಕೆ ಕಳುಹಿಸಿದರೆ ತಪ್ಪು ಸಂಕೇತವೇ ಕಾಯಂ ಆಗುವ ಸಾಧ್ಯತೆ ಇರುತ್ತದೆ.

## ಹಳೆಯ ಪತ್ರಗಳ ಸಂರಕ್ಷಣೆ

ಆಸ್ಕಿ ಆಧಾರಿತ ಫಾಂಟುಗಳಲ್ಲಿ ಬರೆದ ಕನ್ನಡ ಪತ್ರಗಳನ್ನು ಇಂದು ಓದಬೇಕಾದರೆ ಮೊದಲು ಅವು ಯಾವ ಫಾಂಟಿನಲ್ಲಿವೆ ಎಂಬುದನ್ನು ತಿಳಿಯಬೇಕು. ಎಚ್‌ಟಿಎಂಎಲ್ ಪತ್ರಗಳಲ್ಲಿ ಸಂದೇಶದ ಮೂಲ ಪಠ್ಯವನ್ನು ತೆರೆದರೆ ಫಾಂಟಿನ ಹೆಸರು ದೊರೆಯುತ್ತದೆ. ಥಂಡರ್‌ಬರ್ಡ್‌ನಲ್ಲಿ 'ಮೆಸೇಜ್ ಸೋರ್ಸ್' ಆಯ್ಕೆ ಇದನ್ನು ತೋರಿಸುತ್ತದೆ. ಸರಳ ಪಠ್ಯದ ಪತ್ರಗಳಲ್ಲಿ ಅಕ್ಷರಗಳ ವಿನ್ಯಾಸವನ್ನು ನೋಡಿಯೇ ಊಹಿಸಬೇಕಾಗುತ್ತದೆ.

ತಾತ್ಕಾಲಿಕವಾಗಿ ಓದಲು ಲ್ಯಾಟಿನ್ ಗುಂಪಿಗೆ ಆ ಹಳೆಯ ಫಾಂಟನ್ನು ನೀಡಬಹುದು. ಓದಿದ ನಂತರ ಹಿಂದಿನ ಆಯ್ಕೆಗೆ ಮರಳಬೇಕು. ಶಾಶ್ವತ ಪರಿಹಾರವೆಂದರೆ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವುದು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಪರಿವರ್ತಕಗಳಿವೆ. ಅಂತರಜಾಲದಲ್ಲಿ ಮುಕ್ತ ಪರಿವರ್ತಕಗಳೂ ದೊರೆಯುತ್ತವೆ, ಆದರೆ ಖಾಸಗಿ ಪತ್ರಗಳಿಗೆ ಸ್ವಂತ ಗಣಕದಲ್ಲೇ ನಡೆಯುವ ಪರಿವರ್ತಕ ಸೂಕ್ತ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು, ದೀರ್ಘಸ್ವರಗಳು ಮತ್ತು ನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ ದೋಷ ಉಳಿಯಬಹುದಾದ್ದರಿಂದ ಮೂಲ ಪತ್ರವನ್ನೂ ಉಳಿಸಿಕೊಳ್ಳಬೇಕು. ಇಂಗ್ಲಿಷ್ ಪದಗಳನ್ನು ಪರಿವರ್ತಕವು ಕನ್ನಡವೆಂದೇ ಭಾವಿಸುತ್ತದೆ. ಹಾಗಾಗಿ ಇಮೇಲ್ ವಿಳಾಸ, ಜಾಲತಾಣದ ವಿಳಾಸಗಳನ್ನು ಬಿಟ್ಟು ಉಳಿದ ಭಾಗವನ್ನಷ್ಟೇ ಪರಿವರ್ತಿಸುವುದು ಒಳ್ಳೆಯದು.

## ಕಳುಹಿಸುವವರು ಅನುಸರಿಸಬಹುದಾದ ಕ್ರಮಗಳು

* ಪತ್ರವನ್ನು ಯುನಿಕೋಡ್‌ನಲ್ಲೇ ಬರೆಯುವುದು. ನುಡಿ ಅಥವಾ ಬರಹ ಬಳಸುವಾಗ ಯುನಿಕೋಡ್ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳುವುದು.
* ಅಪರೂಪದ ಅಲಂಕಾರಿಕ ಫಾಂಟುಗಳ ಬದಲು ಕಾರ್ಯನಿರ್ವಹಣಾ ವ್ಯವಸ್ಥೆಯೊಂದಿಗೆ ಬರುವ ಫಾಂಟನ್ನು ಬಳಸುವುದು, ಅಥವಾ ಫಾಂಟಿನ ಆಯ್ಕೆಯನ್ನು ಓದುಗರಿಗೇ ಬಿಡುವುದು.
* ಅಕ್ಷರಗಳ ಬಣ್ಣವನ್ನು ನಿಗದಿಪಡಿಸದಿರುವುದು. ಕಪ್ಪು ಹಿನ್ನೆಲೆಯಲ್ಲಿ ಓದುವವರಿಗೆ ಗಾಢ ಬಣ್ಣದ ಅಕ್ಷರಗಳು ಕಾಣದೆ ಹೋಗಬಹುದು.
* ಆಮಂತ್ರಣಪತ್ರದಂತಹ ವಿನ್ಯಾಸ ಮುಖ್ಯವಾದ ಬರೆಹವನ್ನು ಫಾಂಟ್ ಅಡಕಗೊಳಿಸಿದ ಪಿಡಿಎಫ್ ಆಗಿ ಲಗತ್ತಿಸಿ, ದಿನಾಂಕ, ಸ್ಥಳ ಮೊದಲಾದ ವಿವರಗಳನ್ನು ಪತ್ರದ ಒಡಲಲ್ಲೂ ಯುನಿಕೋಡ್‌ನಲ್ಲಿ ಬರೆಯುವುದು.

## ಇವನ್ನೂ ನೋಡಿ

* ಯುನಿಕೋಡ್
* ಕನ್ನಡ ಲಿಪಿ
* ನುಡಿ ತಂತ್ರಾಂಶ
* ಬರಹ ತಂತ್ರಾಂಶ
* ಕನ್ನಡ ಗಣಕ ಪರಿಷತ್ತು
* ಮೊಜಿಲ್ಲಾ ಥಂಡರ್‌ಬರ್ಡ್